ಕೊನೆಯ ಸಾಲಿಲ್ಲದ ಮತಚೀಟಿ

ಪ್ರೆಸ್ಸಿಗೆ ಹೊಸದಾಗಿ ಸೇರುವವರಿಗೆ ಯಂತ್ರ ಕಲಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಶಾಯಿ ಎಷ್ಟು ಬಿಡಬೇಕು, ಕಾಗದ ಎರಡೆರಡಾಗಿ ಎಳೆದುಕೊಂಡರೆ ಏನು ಮಾಡಬೇಕು, ಇದೆಲ್ಲ ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ನಾನು ಬರೆಯಲು ಕುಳಿತದ್ದು ಅದನ್ನಲ್ಲ. ಗಿರಾಕಿ ಸಹಿ ಹಾಕಿ ಕೊಟ್ಟ ಪ್ರೂಫನ್ನು, ಅಂದರೆ ಕರಡಚ್ಚನ್ನು, ಆಮೇಲೆ ಮುಟ್ಟಬಾರದು ಎಂಬ ಒಂದೇ ಮಾತನ್ನು ಹೇಳಲು. ನಾನು ಮುಟ್ಟಿದ್ದೇನೆ. ಮುಟ್ಟಿದ್ದರಿಂದ ಏನಾಯಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರೂ ಯಾರಿಗೂ ಬೇಕಾಗಿಲ್ಲ ಎಂದು ಕಳೆದ ತಿಂಗಳು ಗೊತ್ತಾಯಿತು. ಆದರೂ ಬರೆಯುತ್ತೇನೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಂಟ್ವಾಳ ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಕಲಿತೆ. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿ ಇರುತ್ತದೆ. ಅದನ್ನು ನೋಡುತ್ತ ನೋಡುತ್ತ ಸರಾಗ ಓದಲು ಬಂದ ದಿನ ನನಗೆ ಪರೀಕ್ಷೆ ಪಾಸಾದಷ್ಟೇ ಸಂತೋಷವಾಗಿತ್ತು. ಡಿಗ್ರಿ ಆದವರು ಬರೆದು ತಂದದ್ದರಲ್ಲಿ ನಾನು ತಪ್ಪು ತೆಗೆಯುತ್ತಿದ್ದೆ. ಮಾಲೀಕರು ಗಿರಾಕಿಗಳಿಗೆ "ವಾಮನ ಒಮ್ಮೆ ನೋಡಿದ ಮೇಲೆ ದೇವರೂ ನೋಡುವ ಅಗತ್ಯ ಇಲ್ಲ" ಎನ್ನುತ್ತಿದ್ದರು. ಆ ಮಾತು ನನ್ನ ತಲೆಗೆ ಏರಿತು. ಕೊನೆಯವರೆಗೂ ಇಳಿಯಲಿಲ್ಲ.

ಮತಚೀಟಿಯ ಕೆಲಸ ನಾನು ಮೊದಲು ಮಾಡಿದ್ದು ಆ ಪ್ರೆಸ್ಸಿನಲ್ಲೇ. ನಮ್ಮ ಕಡೆಯ ಎರಡು ಸಹಕಾರಿ ಸಂಘಗಳ ಚುನಾವಣೆ ಒಂದೇ ತಿಂಗಳಲ್ಲಿ ಬಂದಿತ್ತು. ಎರಡರಲ್ಲೂ ಏಳೇಳು ಸ್ಥಾನ. ಒಂದು ಸಂಘದಲ್ಲಿ ಏಳಕ್ಕೆ ಏಳೂ ಮತ ಹಾಕಲೇಬೇಕು, ಆರು ಹಾಕಿದರೆ ಚೀಟಿ ರದ್ದು. ಇನ್ನೊಂದರಲ್ಲಿ ಏಳರ ಒಳಗೆ ಎಷ್ಟು ಹಾಕಿದರೂ ನಡೆಯುತ್ತದೆ. ಹೀಗಾಗಿ ಮೊದಲನೆಯ ಸಂಘದಲ್ಲಿ ಒಬ್ಬನೇ ಒಬ್ಬನನ್ನು ಮೆಚ್ಚಿ ಬಂದವನು ಕೂಡ ಇನ್ನು ಆರು ಮಂದಿಗೆ ಮುದ್ರೆ ಒತ್ತಬೇಕು. ಆ ಆರು ಯಾರು ಎಂದು ಹೊರಗೆ ನಿಂತ ಗುಂಪಿನವರು ಮಾದರಿ ಚೀಟಿ ಕೊಟ್ಟು ಕಳಿಸುತ್ತಿದ್ದರು. ನಾನು ಅವಸರದಲ್ಲಿ ಒಂದು ಸಂಘದ ಸೂಚನೆಯನ್ನು ಇನ್ನೊಂದರ ಹೆಸರುಗಳ ಮೇಲೆ ಜೋಡಿಸಿಬಿಟ್ಟೆ. ಮಾಲೀಕರು ಪ್ರೂಫಿನಲ್ಲೇ ಹಿಡಿದರು. "ಹೆಸರು ಯಾರು ಬೇಕಾದ್ರೂ ಓದ್ತಾರೆ. ಗೆಲ್ಲುದು ಸೋಲುದು ಈ ಸಣ್ಣ ಅಕ್ಷರದಲ್ಲಿ ಉಂಟು, ನೋಡು" ಎಂದರು. ಮೂವತ್ತು ದಾಟಿದ ಮೇಲೆ ದೋಹಾಕ್ಕೆ ಬಂದೆ. ಆ ಮಾತನ್ನು ಅಲ್ಲೇ ಬಿಟ್ಟು ಬಂದೆನೋ ಏನೋ.

ದೋಹಾದ ನಜ್ಮಾ ಬಡಾವಣೆಯಲ್ಲಿ ನಮ್ಮ ಪ್ರೆಸ್ಸು ಒಂದು ದರ್ಜಿಯ ಅಂಗಡಿಗೂ ಒಂದು ಕೆಫೆಟೇರಿಯಕ್ಕೂ ನಡುವೆ ಇತ್ತು. ಬೇಸಿಗೆಯಲ್ಲಿ ಕಾಗದ ತೇವ ಎಳೆದು ಅಂಚು ಮುರುಟಿಕೊಳ್ಳುತ್ತಿತ್ತು. ಎ.ಸಿ. ಯಂತ್ರಕ್ಕೆ ಬೇಕು, ನಮಗಲ್ಲ ಎಂದು ಮ್ಯಾನೇಜರ್ ಅಬು ಸಮೀರ್ ನಗುತ್ತಿದ್ದರು. ಪ್ಯಾಲೆಸ್ಟೀನ್‌ನವರು, ವಯಸ್ಸಾದವರು. ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಮಾತು.

ಬಂದ ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಬಟ್ಟೆ ಅಂಗಡಿಯೊಂದರ ಕೈಚೀಲಕ್ಕೆ ಅಚ್ಚಿನ ಪ್ಲೇಟು ತಯಾರಾಗಿತ್ತು. ಅರಬಿ ಅಕ್ಷರದ ಮೇಲೆ ಒಂದು ಚುಕ್ಕೆ ಕಂಡಿತು. ಧೂಳಿನ ಕಲೆ ಎಂದುಕೊಂಡು ಯಾರನ್ನೂ ಕೇಳದೆ ಉಜ್ಜಿ ತೆಗೆದೆ. ಅಚ್ಚಾದ ಚೀಲಗಳೆಲ್ಲ ರದ್ದಿಗೆ ಹೋದವು. ಅಬು ಸಮೀರ್ ಕೂಗಾಡಲಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಗಿರಾಕಿ ಸಹಿ ಹಾಕಿದ ಪ್ರೂಫನ್ನು ನನ್ನ ಮೊಣಕಾಲಿನ ಮೇಲಿಟ್ಟರು.

"ಯಾ ವಾಮನ, ಇದರಲ್ಲಿ ಸಹಿ ಇದೆಯಾ?"

"ಇದೆ, ಬಾಬಾ."

"ಸಹಿ ಬಿತ್ತಾ, ಖಲಾಸ್. ಆಮೇಲೆ ನಿನ್ನ ತಲೆ ಮಾಫಿ, ಇಲ್ಲವೇ ಇಲ್ಲ. ಕೈ ಮಾತ್ರ."

ಅಲ್ಲಿಂದ ಹದಿನೈದು ವರ್ಷ ನಾನು ಆ ಮಾತನ್ನು ಮೀರಲಿಲ್ಲ. ಪ್ರೂಫಿನಲ್ಲಿ ತಪ್ಪು ಕಂಡರೂ ಮತ್ತೆ ಸಹಿ ತರಿಸಿಯೇ ತಿದ್ದುತ್ತಿದ್ದೆ. ಅಷ್ಟರಲ್ಲಿ ಫಿಲ್ಮು ಹೋಗಿ ಕಂಪ್ಯೂಟರಿನಿಂದ ನೇರ ಪ್ಲೇಟು ಬಂತು. ಸೀಸ ಮುಟ್ಟಿದ ಕೈಯಿಂದ ಕೀಬೋರ್ಡ್ ಮುಟ್ಟಲು ನನಗೆ ಆರು ತಿಂಗಳು ಬೇಕಾಯಿತು, ಆದರೆ ಕಲಿತೆ. ಆ ಓಣಿಗಳಲ್ಲಿ ಕನ್ನಡ ಜೋಡಿಸುವವನು ಎಂದರೆ ನಾನೊಬ್ಬನೇ. ಮದುವೆ ಕಾಗದ, ಭಜನೆ ಪುಸ್ತಕ, ಯಕ್ಷಗಾನದ ಪೋಸ್ಟರು, ಎಲ್ಲವೂ ನನ್ನ ಹತ್ತಿರವೇ ಬರುತ್ತಿದ್ದವು. ಕೊನೆಯಲ್ಲಿ ಸಣ್ಣದಾಗಿ ನನ್ನ ಹೆಸರು ಹಾಕುವ ಅಭ್ಯಾಸವನ್ನೂ ಮಾಡಿಕೊಂಡೆ. ಅಬು ಸಮೀರ್‌ಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಒಮ್ಮೆ ಅಮೆರಿಕದ ಒಬ್ಬ ಮೇಡಂ ಬಂದರು. ಇಲ್ಲಿಯ ಒಂದು ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ಚುನಾವಣೆ ಹೇಗೆಂದು ತೋರಿಸಲು ಅವರಿಗೆ ಮಾದರಿ ಮತಚೀಟಿ ಬೇಕಿತ್ತು. ಅದರ ನಕ್ಷೆ ನೋಡಿ ನನಗೆ ಆಶ್ಚರ್ಯವಾಯಿತು. ಮೇಲ್ಗಡೆ ಪಕ್ಷದ ಹೆಸರು, ಪಕ್ಕದಲ್ಲಿ ಒಂದು ವೃತ್ತ. ಆ ಒಂದು ವೃತ್ತ ತುಂಬಿದರೆ ಕೆಳಗಿರುವ ಆ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಬಿದ್ದ ಹಾಗೆ. ಇದು ನಿಮ್ಮ ದೇಶದಲ್ಲೆಲ್ಲ ಹೀಗೆಯೇ ಇದೆಯೇ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿದೆ. ಅವರು ನಕ್ಕರು. ರಾಜ್ಯಕ್ಕೊಂದು ಕಾನೂನಂತೆ. ಕೆಲವು ರಾಜ್ಯಗಳಲ್ಲಿ ಈ ಒಂದೇ ಗುರುತಿನ ಪದ್ಧತಿ ಇದೆ, ಬಹಳ ಕಡೆ ಮೊದಲು ಇದ್ದು ಈಗ ತೆಗೆದಿದ್ದಾರೆ, ಕೆಲವು ಕಡೆ ಇರಲೇ ಇಲ್ಲ. ತನ್ನ ಅಪ್ಪ ಜೀವಮಾನವೆಲ್ಲ ಮೇಲಿನ ವೃತ್ತ ಮಾತ್ರ ತುಂಬಿದವರು, ಕೆಳಗಿನ ಹೆಸರು ಓದಿದವರೇ ಅಲ್ಲ ಎಂದರು.

"ಮೇಲೆ ಒಂದು ಪಕ್ಷಕ್ಕೆ ಗುರುತು ಹಾಕಿ, ಕೆಳಗೆ ಬೇರೆ ಪಕ್ಷದ ಒಬ್ಬನಿಗೂ ಹಾಕಿದರೆ?" ಎಂದು ಕೇಳಿದೆ.

ಮೇಡಂ ಬೆರಳೆತ್ತಿ ಚೀಟಿಯ ಕೊನೆಯ ಸಾಲು ತೋರಿಸಿದರು. ಹಾಗೆ ಹಾಕಿದರೆ ಆ ಒಂದು ಹುದ್ದೆಗೆ ಕೆಳಗಿನ ಗುರುತೇ ಲೆಕ್ಕ, ಉಳಿದದ್ದಕ್ಕೆ ಮೇಲಿನದ್ದು ಎಂದು ಅಲ್ಲಿತ್ತು. "ಇಂಥ ಚೀಟಿಯಲ್ಲಿ ಈ ಸಾಲು ಇರಲೇಬೇಕು ಮಿಸ್ಟರ್ ವಾಮನ. ಇಲ್ಲದಿದ್ದರೆ ಎಣಿಸುವವನು ತನಗೆ ಬೇಕಾದ ಹಾಗೆ ಓದುತ್ತಾನೆ" ಎಂದರು. ನಾನು ತಲೆಯಾಡಿಸಿದೆ. ಅವರ ಚೀಟಿಯನ್ನು ಅವರು ಹೇಳಿದ ಹಾಗೆಯೇ ಅಚ್ಚು ಹಾಕಿ ಕೊಟ್ಟೆ. ಒಂದು ಪ್ರತಿ ಇಟ್ಟುಕೊಂಡೆ. ಒಂದೇ ಮುದ್ರೆಯಲ್ಲಿ ಅಷ್ಟೂ ಮತ ಎಂಬ ಯುಕ್ತಿ ನನಗೆ ಬಹಳ ಹಿಡಿಸಿತ್ತು.

ದೋಹಾದಲ್ಲಿರುವ ನಮ್ಮ ಊರಿನವರ ಸಂಘದ ಚುನಾವಣೆಗೆ ಮೊದಲ ಸಲ ಕನ್ನಡದಲ್ಲಿ ಮತಚೀಟಿ ಮಾಡುವುದೆಂದು ತೀರ್ಮಾನವಾದಾಗ ನಾನು ಆ ಪ್ರತಿಯನ್ನು ತೆಗೆದುಕೊಂಡು ಹೋಗಿ ಸಭೆಯಲ್ಲಿ ತೋರಿಸಿದೆ. ಒಂಬತ್ತು ಹುದ್ದೆ, ಎರಡು ಗುಂಪು: ಒಂದಕ್ಕೆ ದೀಪದ ಚಿಹ್ನೆ, ಇನ್ನೊಂದಕ್ಕೆ ದೋಣಿ. ಓದು ಬಾರದವರೂ ಮೇಲಿನ ಚಿಹ್ನೆಗೆ ಒಂದು ಮುದ್ರೆ ಒತ್ತಿದರೆ ಒಂಬತ್ತೂ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲೆ ಬಿಟ್ಟವನ ಬುದ್ಧಿಯನ್ನು ಇಂಜಿನಿಯರುಗಳು ಹೊಗಳಿದ ದಿನ ಅದು.

ಚಪ್ಪಾಳೆ ತಟ್ಟದೆ ಕೂತಿದ್ದವನು ಸಂಜೀವಣ್ಣ ಒಬ್ಬನೇ.

ಸಂಜೀವಣ್ಣ ಒಂದು ಕಂಪನಿಯಲ್ಲಿ ಬಸ್ ಡ್ರೈವರ್. ನನಗಿಂತ ಎರಡು ವರ್ಷ ದೊಡ್ಡವನು. ಎರಡು ಅವಧಿಗೆ ಸಂಘದ ಕ್ಷೇಮ ಕಾರ್ಯದರ್ಶಿಯಾಗಿದ್ದ. ಯಾರಾದರೂ ಆಸ್ಪತ್ರೆಯಲ್ಲಿ ಬಿದ್ದರೆ, ಪಾಸ್‌ಪೋರ್ಟ್ ಸಿಗದೆ ಕೂತರೆ, ಸತ್ತರೆ, ಕಾಗದ ಹಿಡಿದುಕೊಂಡು ಓಡುವ ಕೆಲಸ. ಬೇರೆಯವರಿಗೆ ಆ ಹುದ್ದೆ ಸಮೂಹ ಫೋಟೊದಲ್ಲಿ ನಿಲ್ಲುವ ಜಾಗ. ಅವನಿಗೆ ಅದು ಲೆಟರ್‌ಹೆಡ್ಡು. ಸಂಘದ ಲೆಟರ್‌ಹೆಡ್ಡಿನಲ್ಲಿ ಕ್ಷೇಮ ಕಾರ್ಯದರ್ಶಿಯ ಸಹಿ ಇದ್ದರೆ ಕಚೇರಿಗಳ ಕೌಂಟರಿನಲ್ಲಿ ಕಾಗದ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ "ನೀನು ಯಾರು, ಮೃತನಿಗೆ ಏನಾಗಬೇಕು" ಎಂದು ಕೇಳುತ್ತಾರೆ. ಆ ಸಲ ಎರಡು ಗುಂಪಿನವರೂ ಅವನನ್ನು ಸೇರಿಸಿಕೊಳ್ಳಲಿಲ್ಲ. ವಾರ್ಷಿಕೋತ್ಸವಕ್ಕೆ ಸ್ಟಾರ್ ಹೋಟೆಲ್ ಬೇಡ, ಲೇಬರ್ ಕ್ಯಾಂಪಿನ ಕೆಲಸಗಾರರು ಅಲ್ಲಿಗೆ ಬರುವುದಕ್ಕಾಗುವುದಿಲ್ಲ ಎಂದು ಸಭೆಯಲ್ಲಿ ಹೇಳಿದ್ದ. ಹಾಗಾಗಿ ಒಬ್ಬನೇ ನಿಂತಿದ್ದ.

ಮರುದಿನ ಪ್ರೆಸ್ಸಿಗೆ ಬಂದು ನನ್ನ ಮೇಜಿನ ಮೇಲೆ ಕೂತ.

"ಎಂತ ಮಾರಾಯ ನಿನ್ನ ಈ ವೃತ್ತ? ನನ್ನನ್ನು ಅದರಲ್ಲೇ ಮುಳುಗಿಸ್ತಿಯಾ?"

"ನೀವು ಬೇಕು ಅನ್ನುವವರು ಕೆಳಗೆ ನಿಮ್ಮ ಹೆಸರಿಗೆ ಒತ್ತಲಿ ಸಂಜೀವಣ್ಣ. ಯಾರು ಬೇಡ ಅಂದದ್ದು?"

"ಬರ್ವಾ ಅಲ್ ಬರಾಹಾದ ಕ್ಯಾಂಪಿನವರು ಮೇಲೆ ದೀಪಕ್ಕೆ ಒತ್ತುದೇ. ಅವರ ಫೋರ್‌ಮನ್ ದೀಪದವ. ಒತ್ತಲಿಲ್ಲ ಅಂತ ಗೊತ್ತಾದ್ರೆ ಡ್ಯೂಟಿಯಲ್ಲಿ ಬೆನ್ನು ಮುರೀತಾನೆ."

"ಗುಪ್ತ ಮತದಾನ ಅಲ್ವಾ?"

"ಹೋಗಿ ಹೇಳು ಅವರಿಗೆ. ಆರು ಜನ ಒಂದು ರೂಮಲ್ಲಿ ಮಲಗುವವರಿಗೆ ಎಂತ ಗುಪ್ತ? ಅವರು ಮೇಲೆ ದೀಪಕ್ಕೂ ಒತ್ತಬೇಕು, ಕೆಳಗೆ ನನಗೂ ಒತ್ತಬೇಕು. ಎರಡೂ ನಡೀತದೆ ಅಂತ ಚೀಟಿಯಲ್ಲೇ ಬರೆದು ಇರಬೇಕು. ಅದನ್ನು ಮಾಡಿಸು, ಸಾಕು."

ಮಾಡಿಸಿದ್ದು ನಾನಲ್ಲ, ಅವನೇ. ಚುನಾವಣಾಧಿಕಾರಿ ಫೆಲಿಕ್ಸ್ ಸರ್ ಬಳಿಗೆ ಹೋಗಿ ಮಾತಾಡಿದ. ಫೆಲಿಕ್ಸ್ ಸರ್ ಉಡುಪಿ ಕಡೆಯ ಕ್ಯಾಥೊಲಿಕರು, ಒಂದು ಕಚೇರಿಯಲ್ಲಿ ಅಕೌಂಟೆಂಟ್, ಮದೀನತ್ ಖಲೀಫಾದಲ್ಲಿ ಮನೆ. ಯಾವ ಗುಂಪಿಗೂ ಸೇರದವರೆಂದು ಅವರನ್ನು ಆರಿಸಿದ್ದರು. ಸಂಘದ ನಿಯಮಾವಳಿಯಲ್ಲಿ "ಮತಚೀಟಿಯಲ್ಲಿ ಮುದ್ರಿತವಾದ ಸೂಚನೆಯೇ ಅಂತಿಮ" ಎಂಬ ವಾಕ್ಯಕ್ಕೆ ಅವರು ಕೆಂಪು ಗೆರೆ ಎಳೆದಿಟ್ಟಿದ್ದರು. "ಬಾಯಲ್ಲಿ ಹೇಳಿದ ನಿಯಮ ನಿಯಮ ಅಲ್ಲ ವಾಮನ, ಕಾಗದದಲ್ಲಿ ಬೇಕು" ಎಂದು ತಮ್ಮ ದುಂಡು ಅಕ್ಷರದಲ್ಲಿ ಸಾಲು ಬರೆದುಕೊಟ್ಟರು:

"ಗುಂಪಿಗೆ ಮುದ್ರೆ ಒತ್ತಿದ ಮೇಲೆ ಬೇರೆ ಅಭ್ಯರ್ಥಿಯ ಹೆಸರಿಗೂ ಮುದ್ರೆ ಒತ್ತಿದ್ದರೆ, ಆ ಒಂದು ಹುದ್ದೆಗೆ ಆ ಅಭ್ಯರ್ಥಿಯ ಮತವೇ ಊರ್ಜಿತ, ಉಳಿದ ಹುದ್ದೆಗಳಿಗೆ ಗುಂಪಿನ ಮತ."

ನಾನು ಅದನ್ನು ಚೀಟಿಯ ಅಡಿಯಲ್ಲಿ ಜೋಡಿಸಿದೆ. ಅದರ ಕೆಳಗೆ ಪ್ರೆಸ್ಸಿನ ಹೆಸರು. ಅದರ ಕೆಳಗೆ "ಅಕ್ಷರ ಜೋಡಣೆ ಮತ್ತು ವಿನ್ಯಾಸ: ವಾಮನ." ಫೆಲಿಕ್ಸ್ ಸರ್ ಪ್ರೂಫನ್ನು ಮೂರು ಸಲ ಓದಿ ಸಹಿ ಹಾಕಿದರು. ಒಂದೇ ಪ್ರೂಫು, ಅದು ನನ್ನ ಬಳಿಯೇ ಉಳಿಯಿತು. ಸಂಜೀವಣ್ಣ ಚುನಾವಣೆಯ ಹಿಂದಿನ ವಾರದ ಶುಕ್ರವಾರವೆಲ್ಲ ಕ್ಯಾಂಪಿನಲ್ಲಿ ರೂಮಿನಿಂದ ರೂಮಿಗೆ ಹೋಗಿ "ಮೇಲೆ ಅವರಿಗೆ ಒತ್ತಿ, ಕೆಳಗೆ ನನಗೆ ಒತ್ತಿ, ಹೆದರಬೇಡಿ, ಎರಡೂ ನಡೀತದೆ" ಎಂದು ಹೇಳಿ ಬಂದ. ಊರಿನ ಓಟು ಊರಲ್ಲೇ ಉಳಿದುಹೋದ ಆ ಜನರಿಗೆ ವರ್ಷಗಟ್ಟಲೆ ಮುದ್ರೆ ಒತ್ತಲು ಸಿಗುತ್ತಿದ್ದದ್ದು ಇದೊಂದೇ ಕಾಗದ.

ಚುನಾವಣೆಗೆ ಒಂದು ದಿನ ಮುಂಚೆ, ಗುರುವಾರ ಮಧ್ಯಾಹ್ನ ಫೋನ್ ಬಂತು. ಎರಡು ಗುಂಪಿನವರೂ ಚಿಹ್ನೆಯ ಅಳತೆ ಕೇಳಿ ತಿಳಿದು, ಒಟ್ಟಾಗಿ ಅದು ಸಣ್ಣದಾಯಿತು, ಕಣ್ಣಿಗೆ ಕಾಣುವುದಿಲ್ಲ ಎಂದು ದೂರಿದ್ದರಂತೆ. ಫೆಲಿಕ್ಸ್ ಸರ್ ಹೇಳಿದರು: "ದೀಪ, ದೋಣಿ ಎರಡನ್ನೂ ಸ್ವಲ್ಪ ದೊಡ್ಡದು ಮಾಡಿ. ಬೇರೆ ಎಂತದೂ ಮುಟ್ಟಬೇಡಿ ಆಯ್ತಾ."

ದೊಡ್ಡದು ಮಾಡಿದೆ. ಮೇಲಿನದು ದೊಡ್ಡದಾದಾಗ ಕೆಳಗಿನದು ಜಾರುತ್ತದೆ. ಕಾಗದ ಆಗಲೇ ಪೆಟ್ಟಿಗೆಯ ಸೀಳಿಗೆ ತಕ್ಕ ಅಳತೆಗೆ ಕತ್ತರಿಸಿಯಾಗಿತ್ತು, ಕ್ರಮಸಂಖ್ಯೆಯೂ ಬಿದ್ದಿತ್ತು. ಕೊನೆಯಲ್ಲಿ ಅರ್ಧ ಇಂಚು ಹೆಚ್ಚಾಯಿತು. ಅಕ್ಷರ ಇನ್ನೂ ಸಣ್ಣದು ಮಾಡಿದರೆ ಶಾಯಿ ತುಂಬಿ ಕಲೆಯಾಗುತ್ತದೆ. ಏನಾದರೂ ಒಂದನ್ನು ತೆಗೆಯಬೇಕು. ಅಬು ಸಮೀರ್ ರಜೆಯಲ್ಲಿದ್ದರು. ಹೊಸ ಪ್ರೂಫು ತೆಗೆದು ಮದೀನತ್ ಖಲೀಫಾಕ್ಕೆ ಹೋಗಿ ಸಹಿ ತರಬೇಕಿತ್ತು. ಗುರುವಾರದ ಟ್ರಾಫಿಕ್ಕಿನಲ್ಲಿ ಬಸ್ಸು ಹಿಡಿದು ಹೋಗಿ ಬರುವುದೆಂದರೆ ಮೂರು ಗಂಟೆ. ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನನ್ನ ಲೇಔಟಿನಲ್ಲಿ ಜಾಗ ಸಾಲಲಿಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ತೆಗೆಯಲು ಎರಡು ವಸ್ತು ಇದ್ದವು. ಫೆಲಿಕ್ಸ್ ಸರ್ ಬರೆದ ಸಾಲು, ಇಲ್ಲವೇ ನಮ್ಮ ಹೆಸರುಗಳು. ಎರಡೂ ಹೆಚ್ಚುಕಡಿಮೆ ಅರ್ಧ ಇಂಚು. ಇಲ್ಲಿ ಕನ್ನಡದಲ್ಲಿ ಅಚ್ಚಾದ ಮೊದಲ ಮತಚೀಟಿ ಇದು, ಇದರಲ್ಲಿ ನನ್ನ ಹೆಸರು ಇಲ್ಲದಿದ್ದರೆ ಇನ್ನಾವುದರಲ್ಲಿ ಇರಬೇಕು ಎಂದು ಅನಿಸಿತು. ಆ ಸಣ್ಣ ಅಕ್ಷರವನ್ನು ಯಾರು ಓದುತ್ತಾರೆ, ಎಣಿಸುವ ಫೆಲಿಕ್ಸ್ ಸರ್‌ಗೇ ನಿಯಮ ಗೊತ್ತಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಾಲನ್ನು ತೆಗೆದೆ. ಹೆಸರು ಉಳಿಯಿತು. ಪ್ಲೇಟು ಹಾಕಿದೆ. ಚಿಹ್ನೆ ದೊಡ್ಡದಾಗಿ, ಚೀಟಿ ಬಹಳ ಚೆಂದ ಕಂಡಿತು.

ಶುಕ್ರವಾರ ಒಂದು ಶಾಲೆಯ ಸಭಾಂಗಣ ಬಾಡಿಗೆಗೆ ಪಡೆದು ಮತದಾನ ನಡೆಯಿತು. ಕ್ಯಾಂಪಿನಿಂದ ಎರಡು ಬಸ್ಸು ಬಂದವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಪೈಪ್ ಫಿಟ್ಟರ್ ಲೋಕಯ್ಯ ಎಂಬವನು ಮುದ್ರೆ ಒತ್ತಿ ಹೊರಬಂದು ಬಾಗಿಲಲ್ಲಿದ್ದ ಸಂಜೀವಣ್ಣನ ಕೈ ಹಿಡಿದು ಕುಲುಕಿದ. "ನೀವು ಹೇಳಿದ ಹಾಗೇ, ಎರಡು ಕಡೆ" ಎಂದ. ಸಂಜೀವಣ್ಣ ಅವನ ಬಾಯಿ ಮುಚ್ಚಿ "ಗಟ್ಟಿ ಹೇಳಬೇಡ ಮಾರಾಯ!" ಎಂದು ನಕ್ಕ.

ಮಧ್ಯಾಹ್ನ ಎಣಿಕೆ. ದೀಪದ ಎಂಟು ಮಂದಿ ಸುಲಭದಲ್ಲಿ ಗೆದ್ದರು. ಕ್ಷೇಮ ಕಾರ್ಯದರ್ಶಿಯ ಸ್ಥಾನದಲ್ಲಿ ಮಾತ್ರ ಸಂಜೀವಣ್ಣ ಹತ್ತಿರ ಹತ್ತಿರ ಬರುತ್ತಿದ್ದ. ಆಗ ಎರಡೆರಡು ಮುದ್ರೆಯ ಚೀಟಿಗಳು ಬರತೊಡಗಿದವು. ಫೆಲಿಕ್ಸ್ ಸರ್ ಮೊದಲನೆಯದನ್ನು ಸಂಜೀವಣ್ಣನ ಕಡೆಗೆ ಇಟ್ಟ ಕೂಡಲೆ ದೀಪದ ಏಜೆಂಟ್ ಕೈ ಅಡ್ಡ ಹಿಡಿದ.

"ಸರ್, ಇದು ಡಬಲ್. ರದ್ದಿಗೆ ಹಾಕಿ."

"ರದ್ದು ಅಲ್ಲ. ಕೆಳಗೆ ಬರೆದಿದೆಯಲ್ಲ," ಎಂದರು ಫೆಲಿಕ್ಸ್ ಸರ್.

"ಎಲ್ಲಿ? ಓದಿ."

ಸರ್ ಕನ್ನಡಕ ಸರಿಮಾಡಿಕೊಂಡರು. ಚೀಟಿಯನ್ನು ತಿರುಗಿಸಿ ಹಿಂದೆ ನೋಡಿದರು. ಇನ್ನೊಂದು ಚೀಟಿ ತೆಗೆದು ನೋಡಿದರು.

"ಮತಚೀಟಿಯಲ್ಲಿ ಮುದ್ರಿತವಾದ ಸೂಚನೆಯೇ ಅಂತಿಮ. ಇದು ನೀವೇ ಗೆರೆ ಎಳೆದದ್ದು ಸರ್," ಎಂದ ಏಜೆಂಟ್. "ಇಲ್ಲದ ನಿಯಮವನ್ನು ಈಗ ಬಾಯಲ್ಲಿ ಹೇಳಬೇಡಿ. ಸಭೆಯ ವರದಿಯಲ್ಲೂ 'ಚೀಟಿಯಲ್ಲಿರುವಂತೆ' ಅಂತಲೇ ಉಂಟು."

ಫೆಲಿಕ್ಸ್ ಸರ್ ಗೋಡೆಯ ಬಳಿ ನಿಂತಿದ್ದ ನನ್ನನ್ನು ಕರೆದರು. ಇಡೀ ಸಭಾಂಗಣ ನನ್ನ ಕಡೆ ನೋಡಿತು. ಸಂಜೀವಣ್ಣನೂ ನೋಡಿದ. ಅವನ ಮುಖದಲ್ಲಿ ಆತಂಕ ಇರಲಿಲ್ಲ. ನಾನಿದ್ದೇನಲ್ಲ ಎಂಬ ಧೈರ್ಯ.

"ವಾಮನ, ನಾನು ಸಹಿ ಹಾಕಿದ ಪ್ರೂಫಿನಲ್ಲಿ ಆ ಸಾಲು ಇತ್ತಲ್ಲ?"

ಪ್ರೂಫು ನಜ್ಮಾದಲ್ಲಿ ನನ್ನ ಡ್ರಾಯರಿನಲ್ಲಿ ಇತ್ತು. ಒಂದು ಟ್ಯಾಕ್ಸಿಯಲ್ಲಿ ಹೋಗಿ ತಂದರೆ ಮುಗಿಯುತ್ತಿತ್ತು. ತಂದರೆ ಸಹಿಯ ಮೇಲೆ ಕೈಯಾಡಿಸಿದವನು ನಾನು ಎಂದು ಅಷ್ಟು ಜನರ ಮುಂದೆ ಗೊತ್ತಾಗುತ್ತಿತ್ತು. ತೆಗೆದದ್ದು ಸಾಲು, ಉಳಿಸಿದ್ದು ನನ್ನ ಹೆಸರು ಎಂಬುದೂ.

"ಇದ್ದ ಹಾಗೆ ನೆನಪಿಲ್ಲ ಸರ್," ಎಂದೆ. "ಚಿಹ್ನೆ ದೊಡ್ಡದು ಮಾಡಿದ್ದು ಬಿಟ್ಟರೆ, ಸಹಿ ಬಿದ್ದ ಪ್ರೂಫು ನಾನು ಮುಟ್ಟುವವನಲ್ಲ. ನಿಮಗೆ ಗೊತ್ತುಂಟಲ್ಲ."

ಫೆಲಿಕ್ಸ್ ಸರ್ ಚೀಟಿಯನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ನಾನೇ ಬರೆದುಕೊಡ್ಲಿಕ್ಕೆ ಮರೆತದ್ದು. ಪ್ರಾಯ ಆಯ್ತು" ಎಂದರು. ಸಂಜೀವಣ್ಣನ ಕಡೆ ತಿರುಗಿ, ಎಲ್ಲರೆದುರು, ಕೈಮುಗಿದರು. "ನನ್ನನ್ನು ಕ್ಷಮಿಸಬೇಕು ಸಂಜೀವ."

ಎರಡು ಮುದ್ರೆಯ ಮೂವತ್ತೆಂಟು ಚೀಟಿ ರದ್ದಿನ ಕಟ್ಟಿಗೆ ಹೋದವು. ಸಂಜೀವಣ್ಣ ಸೋತದ್ದು ಹನ್ನೊಂದು ಮತದಿಂದ.

ಅವನು ಯಾರ ಮೇಲೂ ಹಾರಾಡಲಿಲ್ಲ. ಬಸ್ಸು ಹತ್ತುವ ಮುಂಚೆ ಲೋಕಯ್ಯ ಬಂದು "ಸಂಜೀವಣ್ಣ, ನೀವು ಹೇಳಿದ ಹಾಗೇ ಮಾಡಿದ್ದು. ನಮ್ಮ ಓಟು ಕಸಕ್ಕೆ ಹೋಯ್ತಂತೆ, ಹೌದಾ?" ಎಂದು ಕೇಳಿದ. ಹಿಂದಿನಿಂದ ಇನ್ನೊಬ್ಬ "ಇವರಿಗೇ ಗೊತ್ತಿಲ್ಲ, ನಮಗೆ ಪಾಠ ಮಾಡ್ಲಿಕ್ಕೆ ಬರ್ತಾರೆ" ಎಂದ. ಅವರೆಲ್ಲ ಹತ್ತುವವರೆಗೆ ಸಂಜೀವಣ್ಣ ಬಸ್ಸಿನ ಬಾಗಿಲು ಹಿಡಿದುಕೊಂಡ. ನಾನು ಪಕ್ಕದಲ್ಲೇ ನಿಂತಿದ್ದೆ.

ರಜೆ ಮುಗಿಸಿ ಬಂದ ಅಬು ಸಮೀರ್ ಫೈಲು ಮಾಡುವಾಗ ಪ್ರೂಫನ್ನೂ ಚೀಟಿಯನ್ನೂ ಪಕ್ಕಪಕ್ಕ ಹಿಡಿದರು. ಕನ್ನಡ ಬಾರದಿದ್ದರೂ ಒಂದರಲ್ಲಿ ಇರುವ ಸಾಲು ಇನ್ನೊಂದರಲ್ಲಿ ಇಲ್ಲ ಎಂದು ಕಾಣಲು ಭಾಷೆ ಬೇಕಾಗಿಲ್ಲ. ಎರಡನ್ನೂ ಒಂದು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು.

"ಇದನ್ನು ನನ್ನ ಫೈಲಿನಲ್ಲಿ ಇಡುವುದಿಲ್ಲ. ನಿನ್ನ ಹತ್ತಿರ ಇರಲಿ."

ಆಮೇಲೆ ತಾವು ಅಲ್ಲಿದ್ದಷ್ಟು ದಿನವೂ ನನ್ನ ಪ್ರತಿ ಕೆಲಸವನ್ನು ಅವರು ಪ್ರೂಫಿನ ಪಕ್ಕದಲ್ಲಿಟ್ಟು ನೋಡಿಯೇ ಹೊರಗೆ ಬಿಡುತ್ತಿದ್ದರು. ಹದಿನೈದು ವರ್ಷದಲ್ಲಿ ಗಳಿಸಿದ್ದು ಅಲ್ಲಿಗೆ ಖಲಾಸ್.

ಮರುವರ್ಷ ಲೋಕಯ್ಯ ಮಲಗಿದ್ದಲ್ಲೇ ತೀರಿಕೊಂಡ. ಬೆಳ್ತಂಗಡಿ ಕಡೆಯಿಂದ ಅವನ ಹೆಂಡತಿ ಸಂಜೀವಣ್ಣನಿಗೇ ಫೋನ್ ಮಾಡಿದಳು. ಗಂಡ ಕೊಟ್ಟಿದ್ದ ಒಂದೇ ನಂಬರ್ ಅದು. ಹೊಸ ಕ್ಷೇಮ ಕಾರ್ಯದರ್ಶಿ ಕ್ರಿಕೆಟ್ ಟೂರ್ನಮೆಂಟಿನ ಓಡಾಟದಲ್ಲಿದ್ದ. "ನೋಡುವಾ, ಸೋಮವಾರ ಲೆಟರ್ ಮಾಡಿಸುವಾ" ಎಂದ. ಸೋಮವಾರ ಹೋಗಿ ಇನ್ನೊಂದು ಸೋಮವಾರ ಬಂತು. ಸಂಜೀವಣ್ಣ ಡ್ಯೂಟಿ ಮುಗಿಸಿ ಕಂಪನಿಯ ಆಫೀಸು, ಕೌಂಟರು, ಮತ್ತೆ ಆಫೀಸು ಎಂದು ಅಲೆದ. ಎಲ್ಲ ಕಡೆಯೂ ಅದೇ ಪ್ರಶ್ನೆ, ನೀನು ಯಾರು.

ಒಂದು ದಿನ ಬೆವರಿಳಿಸುತ್ತ ಪ್ರೆಸ್ಸಿಗೆ ಬಂದ.

"ವಾಮನ, ನನಗೊಂದು ಕಾರ್ಡು ಮಾಡಿ ಕೊಡು ಮಾರಾಯ. ಹೆಸರು, ಕೆಳಗೆ 'ಸಮಾಜ ಸೇವಕ' ಅಂತ. ಇಂಗ್ಲಿಷಲ್ಲಿ, ಅರಬಿಯಲ್ಲಿ. ಬರಿಗೈಯಲ್ಲಿ ನಿಂತ್ರೆ ಯಾರೂ ಮುಖ ನೋಡುದಿಲ್ಲ."

ನಮ್ಮಲ್ಲಿದ್ದ ಅತಿ ದಪ್ಪ ಕಾರ್ಡಿನಲ್ಲಿ, ಉಬ್ಬು ಅಕ್ಷರದಲ್ಲಿ ಮಾಡಿಕೊಟ್ಟೆ. ಅವನು ಬೆರಳಿಂದ ಸವರಿ "ಒಳ್ಳೆದಾಯ್ತು" ಎಂದ. ಆ ಕವರು ನನ್ನ ಡ್ರಾಯರಿನಲ್ಲಿ, ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇತ್ತು. ಆ ಹೊತ್ತಿಗೆ ಹೇಳಿದ್ದರೆ ಲೋಕಯ್ಯನಿಗೆ ಏನೂ ಉಪಕಾರವಾಗುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೌಂಟರಿನವರು ಕಾರ್ಡನ್ನು ನೋಡಿ ವಾಪಸು ಕೊಟ್ಟರಂತೆ. ಲೋಕಯ್ಯನ ದೇಹ ಊರು ಮುಟ್ಟುವಾಗ ಇಪ್ಪತ್ತಾರು ದಿನ ಕಳೆದಿತ್ತು. ಸಂಜೀವಣ್ಣ ಕ್ಷೇಮ ಕಾರ್ಯದರ್ಶಿಯಾಗಿದ್ದಾಗ ಅದು ಒಂದು ವಾರದ ಕೆಲಸ. ಆಮೇಲೆ ಅವನು ಕ್ಯಾಂಪಿನ ಕಡೆ ಹೋಗುವುದನ್ನು ನಿಲ್ಲಿಸಿದ. ಯಾರೂ ಅವನನ್ನು ಕರೆಯಲೂ ಇಲ್ಲ.

ಫೆಲಿಕ್ಸ್ ಸರ್ ಕೆಲಸ ಮುಗಿಸಿ ಊರಿಗೆ ಹೋದರು. ಹೋಗುವ ಮುಂಚೆ ಫೋನ್ ಮಾಡಿ "ಆ ಸಾಲು ನಾನು ಬರೆದ ಹಾಗೆಯೇ ನೆನಪು ವಾಮನ, ಎಂತ ಮಾಡುದು, ತಲೆ ಕೈ ಕೊಡ್ತದೆ" ಎಂದರು. ಎರಡು ವರ್ಷದಲ್ಲಿ ತೀರಿಕೊಂಡರು. ಅವರ ತಲೆ ಕೊನೆಯವರೆಗೂ ಸರಿ ಇತ್ತು ಎಂದು ಹೇಳಬೇಕಾದವನು ನಾನೊಬ್ಬನೇ ಇದ್ದೆ.

ಅರುವತ್ತಕ್ಕೆ ನನ್ನ ಕೆಲಸ ನಿಂತಿತು. ನಜ್ಮಾದ ಪ್ರೆಸ್ಸಿನಲ್ಲಿ ಈಗ ಬಟನ್ ಒತ್ತಿದರೆ ಅಚ್ಚಾಗುವ ಯಂತ್ರ ಇದೆ. ಪ್ರೂಫನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಗಿರಾಕಿ ಹೆಬ್ಬೆರಳಿನ ಚಿತ್ರ ಕಳಿಸಿದರೆ ಅದೇ ಸಹಿ. ನರ್ಸ್ ಆಗಿರುವ ಮಗಳ ಜೊತೆ ಮದೀನತ್ ಖಲೀಫಾದಲ್ಲಿ ಇದ್ದೇನೆ. ಸಂಜೆ ವಾಕಿಂಗ್ ಹೋಗುವಾಗ ಫೆಲಿಕ್ಸ್ ಸರ್ ಇದ್ದ ಮನೆಯ ಬೀದಿ ಬಿಟ್ಟು ಸುತ್ತಿ ಹೋಗುತ್ತೇನೆ.

ಸಂಘದ ಚುನಾವಣೆಯೂ ಈಗ ಫೋನಿನಲ್ಲಿ. ಮಗಳು ತೋರಿಸಿದಳು. ಮೇಲೆ ಗುಂಪಿನ ಚಿತ್ರ ಒತ್ತಿದರೆ ಒಂಬತ್ತು ಹೆಸರಿಗೂ ಹಸಿರು ಗುರುತು ಬೀಳುತ್ತದೆ. ಕೆಳಗೆ ಬೇರೆಯವನ ಹೆಸರು ಮುಟ್ಟಿದರೆ ಆ ಒಂದು ಗುರುತು ತಾನಾಗಿ ಸರಿದು ಅವನಿಗೆ ಹೋಗುತ್ತದೆ, ಉಳಿದ ಎಂಟು ಹಾಗೇ ಇರುತ್ತವೆ. ಫೆಲಿಕ್ಸ್ ಸರ್ ಬರೆದ ಸಾಲನ್ನು ಈಗ ಯಂತ್ರವೇ ಪಾಲಿಸುತ್ತದೆ. ಯಾರೂ ಅರ್ಧ ಇಂಚು ಕತ್ತರಿಸುವಂತಿಲ್ಲ. ಆದರೆ ಸದಸ್ಯತ್ವಕ್ಕೆ ಇಮೇಲ್ ಬೇಕು, ಆನ್‌ಲೈನ್ ಫಾರಂ ತುಂಬಬೇಕು. ಕ್ಯಾಂಪಿನಿಂದ ಎಷ್ಟು ಮಂದಿ ಸದಸ್ಯರಿದ್ದಾರೆ ಎಂದು ಕೇಳಿದೆ. ಮಗಳು ಪಟ್ಟಿ ಹುಡುಕಿ, "ಯಾರೂ ಕಾಣುದಿಲ್ಲ ಅಪ್ಪ" ಎಂದಳು.

ಕಳೆದ ತಿಂಗಳು ಸಂಘದ ಬೆಳ್ಳಿಹಬ್ಬ. ಹಳೆಯ ವಸ್ತುಗಳ ಪ್ರದರ್ಶನ ಇದೆ, ಏನಾದರೂ ಇದ್ದರೆ ಕೊಡಿ ಎಂದು ಸಂದೇಶ ಬಂದಿತ್ತು. ಇದೇ ಹೊತ್ತು ಎಂದುಕೊಂಡು ಆ ಕವರನ್ನು ಹಿಡಿದು ಅಧ್ಯಕ್ಷರ ಬಳಿ ಹೋದೆ. ನಲವತ್ತರ ಆಸುಪಾಸಿನವರು. ಎರಡೂ ಕಾಗದಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ಎಲ್ಲ ಹೇಳಿದೆ. ಪ್ರೂಫು, ಸಹಿ, ಅರ್ಧ ಇಂಚು, ನಾನು ಹೇಳಿದ ಸುಳ್ಳು. ಅವರ ಫೋನ್ ನಡುನಡುವೆ ಅದುರುತ್ತಿತ್ತು.

"ವಾಮನಣ್ಣ, ಸೂಪರ್! ಫಸ್ಟ್ ಕನ್ನಡ ಬ್ಯಾಲೆಟ್! ಇದು ಹಿಸ್ಟರಿ ಅಲ್ವಾ?"

"ನಾನು ಹೇಳಿದ್ದು ಕೇಳಿತಾ ನಿಮಗೆ? ಸಂಜೀವಣ್ಣ ಗೆದ್ದಿದ್ದ."

"ಅದೆಲ್ಲ ಆಗಿ ಹೋದ ವಿಷಯ ಅಣ್ಣ. ಈಗ ಯಾರಿಗೆ ನೆನಪುಂಟು? ಸುಮ್ಮನೆ ಯಾಕೆ ಬೇಸರ ಮಾಡ್ಕೊಳ್ತೀರಿ. ಇದನ್ನು ಚಂದ ಫ್ರೇಮ್ ಹಾಕಿಸುವಾ."

ಹಾಕಿಸಿದರು. ಸಭಾಂಗಣದ ಬಾಗಿಲ ಪಕ್ಕದಲ್ಲಿ ಎರಡೂ ಒಂದೇ ಗಾಜಿನ ಒಳಗೆ, ಎಡಕ್ಕೆ ಪ್ರೂಫು, ಬಲಕ್ಕೆ ಚೀಟಿ. ಮೇಲೆ ನನ್ನ ಫೋಟೊ. ನನಗೆ ಶಾಲು ಹೊದಿಸಿದರು. ಜನ ಬಂದು ಫ್ರೇಮಿನ ಮುಂದೆ ಸೆಲ್ಫಿ ತೆಗೆದುಕೊಂಡರು. ಮಕ್ಕಳು ಅಕ್ಷರ ಕೂಡಿಸಿ "ದೀ... ಪ..." ಎಂದು ಓದಿ ಓಡಿದರು. ಎಡಗಡೆ ಒಂದು ಸಾಲು ಇದೆ, ಬಲಗಡೆ ಇಲ್ಲ ಎಂದು ಒಬ್ಬರಾದರೂ ಹೇಳುತ್ತಾರೇನೋ ಎಂದು ನಾನು ಅಲ್ಲೇ ಕುರ್ಚಿ ಹಾಕಿ ಕೂತೆ. ಯಾರೂ ಹೇಳಲಿಲ್ಲ.

ಊಟ ಶುರುವಾದ ಮೇಲೆ ಸಂಜೀವಣ್ಣ ಬಂದ. ಇನ್ನೂ ಬಸ್ಸು ಓಡಿಸುತ್ತಾನೆ. ಕಂಪನಿಯ ಅಂಗಿಯಲ್ಲೇ ಇದ್ದ. ನನಗೆ ತಲೆಯಾಡಿಸಿ ಫ್ರೇಮಿನ ಮುಂದೆ ನಿಂತ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಗಾಜಿನ ಮೇಲೆ ಬೆರಳಿಟ್ಟು, ಎಡಗಡೆಯ ಕಾಗದವನ್ನು ಮೇಲಿನಿಂದ ಓದತೊಡಗಿದ. ಒಂಬತ್ತು ಹುದ್ದೆ, ಅಷ್ಟೂ ಹೆಸರು, ತನ್ನ ಹೆಸರು. ಕೊನೆಯ ಸೂಚನೆಯ ಸಾಲಿಗೆ ಬಂದು ನಿಂತ. ಅದನ್ನು ಎರಡು ಸಲ ಓದಿದ, ತುಟಿ ಅಲುಗಿದ್ದು ಕಂಡಿತು. ಕೆಳಗಿನ ಫೆಲಿಕ್ಸ್ ಸರ್ ಸಹಿಯನ್ನು ನೋಡಿದ. ಆಮೇಲೆ ಬೆರಳು ಬಲಗಡೆಯ ಚೀಟಿಗೆ ಸರಿಯಿತು. ಅಲ್ಲಿಯೂ ಮೇಲಿನಿಂದ ಕೆಳಗೆ ಇಳಿಯಿತು. ಕೊನೆಯಲ್ಲಿ ನಿಂತಿತು.

ನಾನು ಕುರ್ಚಿಯಿಂದ ಎದ್ದೆ. "ಸಂಜೀವಣ್ಣ..." ಎಂದೆ.

"ಜಾಗ ಇರ್ಲಿಲ್ವಾ?" ಎಂದು ಕೇಳಿದ. ಬೆರಳು ಎತ್ತಿರಲಿಲ್ಲ.

ಉತ್ತರ ಅವನ ಬೆರಳಿನ ಕೆಳಗೇ ಇತ್ತು.

ಅವನು ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡ. "ಅಕ್ಷರ ಚಂದ ಉಂಟು," ಎಂದ. ಊಟಕ್ಕೆ ನಿಲ್ಲದೆ ಹೊರಗೆ ಹೋದ. ಬಸ್ಸು ಸ್ಟಾರ್ಟ್ ಆದದ್ದು ಕೇಳಿತು.

ಗಾಜಿನ ಮೇಲೆ ಅವನ ಬೆರಳಿನ ಗುರುತು ಉಳಿದಿತ್ತು. ಒತ್ತಿದ ಮುದ್ರೆಯಂತೆ, ಸರಿಯಾಗಿ ನನ್ನ ಹೆಸರಿನ ಮೇಲೆ.